ನಾವೇ ಹಾಕಿದ ಓಟು

ಫೆಬ್ರವರಿ ತಿಂಗಳ ಒಂದು ಶನಿವಾರ ಮಧ್ಯಾಹ್ನ ಲಾನಿ ಪೆಟಿಗ್ರೂ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಡ್ರಿಲ್ ಮೆಷಿನ್ನನ್ನು ಜಾಕೆಟ್ಟಿನೊಳಗೆ ಅಡಗಿಸಿಕೊಂಡು ಹೊರಬಂದ. ಬಾಗಿಲಾಚೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಸೆಕ್ಯುರಿಟಿಯವನು ಹೆಗಲ ಮೇಲೆ ಕೈ ಹಾಕಿದ. ಲಾನಿ ಓಡಲಿಲ್ಲ, ಕೈ ಎತ್ತಲಿಲ್ಲ. ಡ್ರಿಲ್ಲನ್ನು ತೆಗೆದು ಅವನ ಕೈಗೇ ಕೊಟ್ಟು ಫುಟ್‌ಪಾತಿನ ಮೇಲೆ ಕೂತ. ಅದರ ಪೆಟ್ಟಿಗೆಯ ಮೇಲೆ ಅರವತ್ತನಾಲ್ಕು ಡಾಲರಿನ ಚೀಟಿ ಅಂಟಿತ್ತು.

ಮನೆಯಲ್ಲಿ ಅವನ ತಾಯಿ ವರ್ನೆಲ್ ಭಾನುವಾರದ ಊಟಕ್ಕೆಂದು ಕಾಲರ್ಡ್ ಸೊಪ್ಪನ್ನು ಮೂರನೆಯ ಸಲ ನೀರು ಬದಲಿಸಿ ತೊಳೆಯುತ್ತಿದ್ದಳು. ಅವಳಿಗೆ ಅರವತ್ತೇಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಫೋನ್ ಬಂತು. ಗಂಡ ಕ್ಲೀವನ್ ಎತ್ತಿದ. ಕೌಂಟಿ ಜೈಲಿನಿಂದ ಕರೆ, ಮಾತಾಡುವುದಾದರೆ ಒಂದನ್ನು ಒತ್ತಿ ಎಂದಿತು ಯಂತ್ರದ ದನಿ. ಕ್ಲೀವನ್ ಫೋನ್ ಕುಕ್ಕಿದ.

"ಯಾರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಫೋನ್ ತಾನಾಗೇ ಹೊಡ್ಕೊಳ್ತಾ?"

"ನಿನ್ನ ಮಗ. ಮತ್ತೆ ಒಳಗೆ ಹೋಗಿದಾನೆ."

ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದ ಟಮೀರಾ ತಲೆ ಎತ್ತಲೇ ಇಲ್ಲ. ಲಾನಿಯ ಮಗಳು ಅವಳು, ಹದಿನಾರು ವರ್ಷ. ತಾಯಿ ಟೆಕ್ಸಾಸಿಗೆ ಹೋದ ಮೇಲೆ ಅಜ್ಜಿ ತಾತನ ಹತ್ತಿರವೇ ಬೆಳೆದವಳು.

"ಈ ಸಲ ಏನ್ ಕದ್ದ? ಇನ್ಯಾರದಾದ್ರೂ ಕ್ಲಾರಿನೆಟ್ಟಾ?" ಅಂದಳು.

ಡಿಸೆಂಬರಿನಲ್ಲಿ ಸೈಲೆನ್ಸರ್ ಕೂರಿಸುವ ಗ್ಯಾರೇಜಿನವರು ಲಾನಿಯನ್ನು ಕೆಲಸದಿಂದ ಬಿಡಿಸಿದ್ದರು. ಅವನು ಮತ್ತೆ ಕ್ರ್ಯಾಕ್ ಕೊಕೇನ್ ಸೇದಲು ಶುರುಮಾಡಿದ್ದ. ಟಮೀರಾಳಿಗೆ ಶಾಲೆಯವರು ಕೊಟ್ಟಿದ್ದ ಕ್ಲಾರಿನೆಟ್ಟನ್ನೇ ಒಯ್ದು ಮಾರಿದ್ದ. ಅವತ್ತೇ ಕ್ಲೀವನ್ ಅವನ ಬಟ್ಟೆಗಳನ್ನು ಕಸದ ಚೀಲಕ್ಕೆ ತುಂಬಿ ಗೇಟಿನಾಚೆ ಇಟ್ಟಿದ್ದ.

ಸಂಜೆ ಮಗಳು ರೊಜೆಟಾ ಬಂದಳು. ನಲವತ್ತೆರಡು ವರ್ಷದ ರೊಜೆಟಾ ಗಂಡನಿಂದ ಬಿಡುಗಡೆ ಪಡೆದು ಅಪ್ಪನ ಮನೆಯಲ್ಲೇ ಇದ್ದಳು. ಶಾಲಾ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ. ಸುದ್ದಿ ಕೇಳಿ ಚೀಲ ಕೆಳಗಿಟ್ಟಳು.

"ಒಳ್ಳೇದಾಯ್ತು. ಆರು ತಿಂಗಳು ಒಳಗೇ ಇರ್ಲಿ. ಮೈ ಕೈ ಸರಿಹೋಗತ್ತೆ. ಮೂರು ಹೊತ್ತು ಊಟ ಆದ್ರೂ ಸಿಗತ್ತೆ."

"ಒಡಹುಟ್ಟಿದೋನು ಕಣೇ ಅವನು."

"ಗೊತ್ತಮ್ಮ. ಅದಕ್ಕೇ ಆರು ತಿಂಗಳು ಅಂದೆ. ಬೇರೆಯವರಾಗಿದ್ರೆ ಒಂದು ವರ್ಷ ಅಂತಿದ್ದೆ."

ಮರುದಿನ ಚರ್ಚಿನಿಂದ ಬಂದು ನಾಲ್ವರೂ ಉಂಡರು. ಸೊಪ್ಪು, ಹುರಿದ ಕೋಳಿ, ಜೋಳದ ಬ್ರೆಡ್ಡು. ಲಾನಿಯ ಹೆಸರನ್ನು ಯಾರೂ ಎತ್ತಲಿಲ್ಲ. ಆರು ತಿಂಗಳೆಂದು ಎಲ್ಲರೂ ಲೆಕ್ಕ ಹಾಕಿಕೊಂಡಿದ್ದರು. ಆಗಸ್ಟಿನಲ್ಲಿ ಬರುತ್ತಾನೆ.

ಗುರುವಾರ ಕೌಂಟಿಯವರು ಲಾನಿಗೆ ನೇಮಿಸಿದ್ದ ವಕೀಲೆ ಮಿಸ್ ಬ್ರಾಂಟ್ ಕರೆದಳು. ವರ್ನೆಲ್ ಮತ್ತು ರೊಜೆಟಾ ಹೋದರು. ಕುರ್ಚಿಗಳ ಮೇಲೂ ಫೈಲುಗಳಿದ್ದವು. ವಕೀಲೆಯೇ ಎದ್ದು ತೆಗೆದು ನೆಲಕ್ಕೆ ಹಾಕಿ ಜಾಗ ಮಾಡಿಕೊಟ್ಟಳು. ಮಾತು ಸುತ್ತಿ ಬಳಸಲಿಲ್ಲ.

"ಪ್ರಾಸಿಕ್ಯೂಟರ್ ಇದನ್ನ ಮೂರನೇ ಸ್ಟ್ರೈಕ್, ಅಂದ್ರೆ ಮೂರನೇ ದೊಡ್ಡ ತಪ್ಪು ಅಂತ ಹಾಕಿದಾರೆ. ಸಾಬೀತಾದ್ರೆ ಜೀವಾವಧಿ. ಇಪ್ಪತ್ತೈದು ವರ್ಷ ಆಗೋವರೆಗೂ ಬಿಡಿ ಅಂತ ಅರ್ಜಿ ಹಾಕೋ ಹಾಗೂ ಇಲ್ಲ."

ವರ್ನೆಲ್‌ಗೆ ಅರ್ಥವಾಗಲಿಲ್ಲ. ರೊಜೆಟಾ ನಕ್ಕುಬಿಟ್ಟಳು. "ಇಲ್ಲ ಇಲ್ಲ, ನೀವು ಬೇರೆ ಯಾರದೋ ಫೈಲು ನೋಡ್ತಿದೀರಿ. ನಮ್ಮ ತಮ್ಮ ಒಂದು ಡ್ರಿಲ್ಲು ಕದ್ದ. ಅದನ್ನೂ ಅಲ್ಲೇ ವಾಪಸ್ ಕೊಟ್ಟ."

"ಹಿಂದೆ ಕಳ್ಳತನಕ್ಕೆ ಜೈಲು ನೋಡಿದವರು ಮತ್ತೆ ಏನು ಕದ್ದರೂ, ಬೇಕು ಅಂದ್ರೆ ಪ್ರಾಸಿಕ್ಯೂಟರ್ ಅದನ್ನ ದೊಡ್ಡ ಅಪರಾಧ ಅಂತ ಬರೀಬಹುದು. ಬರ್ದಿದಾರೆ."

"ಅವನು ಜೈಲಿಗೆ ಹೋಗಿದ್ದೇ ಒಂದು ಸಲ! ಎಪ್ಪತ್ತೆಂಟರಲ್ಲಿ. ಹತ್ತೊಂಬತ್ತು ವರ್ಷದ ಹುಡುಗ. ಮೂರನೇದು ಹೇಗಾಗತ್ತೆ?"

"ಒಂದು ಸಲ. ಆದ್ರೆ ಎರಡು ಮನೆ ಕಳ್ಳತನ. ಒಂದೇ ಬೀದಿ, ಒಂದೇ ಮಧ್ಯಾಹ್ನ. ಎರಡಕ್ಕೂ ತಪ್ಪೊಪ್ಪಿಕೊಂಡು ಸಹಿ ಹಾಕಿದಾರೆ. ಒಂದೊಂದು ಮನೆಗೆ ಒಂದೊಂದು ಸ್ಟ್ರೈಕ್."

"ಆ ಕಾನೂನು ಕೊಲೆಗಾರರಿಗೆ ಅಲ್ವಾ?" ರೊಜೆಟಾಳ ದನಿ ಏರಿತು. "ಮಕ್ಕಳನ್ನ ಎತ್ಕೊಂಡು ಹೋಗೋರಿಗೆ. ಟೀವೀಲಿ ಹಾಗೇ ತಾನೆ ತೋರಿಸ್ತಿದ್ದದ್ದು?"

"ಟೀವೀಲಿ ಹಾಗೇ ತೋರಿಸ್ತಿದ್ರು. ಕಾನೂನಲ್ಲಿ ಮನೆಗಳ್ಳತನವೂ ಇದೆ. ಮೂರನೇದಂತೂ ಯಾವುದಾದ್ರೂ ಆಗಬಹುದು." ಮಿಸ್ ಬ್ರಾಂಟ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಈ ತಿಂಗಳು ಇದು ನನಗೆ ಒಂಬತ್ತನೇ ಕೇಸು. ಒಬ್ಬರೂ ಕಾನೂನನ್ನ ಪೂರ್ತಿ ಓದಿರಲ್ಲ. ನೀವು ಓದಿದ್ರಾ?"

ರೊಜೆಟಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವಳು ಓದಿರಲಿಲ್ಲ. ಆದರೆ ಅದಕ್ಕೆ ಸಹಿ ಸಂಗ್ರಹಿಸಿದ್ದಳು.

ಎರಡು ವರ್ಷದ ಹಿಂದೆ ಬಸ್ ಸ್ಟಾಪಿನಲ್ಲಿ ಒಬ್ಬ ಅವಳ ಚೀಲ ಕಿತ್ತುಕೊಂಡು, ಬಿಡದಿದ್ದಕ್ಕೆ ಮುಖಕ್ಕೆ ಗುದ್ದಿದ್ದ. ದವಡೆ ಮುರಿದಿತ್ತು. ಆರು ವಾರ ಹಲ್ಲಿಗೆ ತಂತಿ ಬಿಗಿಸಿಕೊಂಡು ಕೊಳವೆಯಲ್ಲಿ ಸೂಪು ಕುಡಿದಿದ್ದಳು. ಹೊಡೆದವನು ಅದಕ್ಕೂ ಮುಂಚೆ ಇಬ್ಬರು ಹೆಂಗಸರನ್ನು ಹೀಗೇ ಹೊಡೆದು ಒಳಗೆ ಹೋಗಿ ಬಂದವನು. ಅವಳ ಸಿಟ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ಶಾಸಕ ವಿಟ್‌ಕಾಂಬ್‌ನ ಕಡೆಯವರು ಅವಳನ್ನು ಹುಡುಕಿಕೊಂಡು ಬಂದರು. ಎರಡು ತಿಂಗಳು ಪ್ರತಿ ಶನಿವಾರ ಸೂಪರ್ ಮಾರ್ಕೆಟ್ಟಿನ ಮುಂದೆ ನಿಂತು ನಾನ್ನೂರು ಜನರ ಸಹಿ ತಂದಿದ್ದಳು. ಮೂರು ಸಲ ತಪ್ಪು ಮಾಡಿದವನಿಗೆ ಜೀವಾವಧಿ ಎನ್ನುವ ಕಾನೂನು ಆ ಹೊತ್ತಿಗಾಗಲೇ ಶಾಸನಸಭೆಯಲ್ಲಿ ಪಾಸಾಗಿತ್ತು. ಮುಂದೆ ಯಾವ ಸರ್ಕಾರವೂ ಅದನ್ನು ಸುಲಭವಾಗಿ ಮುಟ್ಟದ ಹಾಗೆ ಜನರೇ ಓಟು ಹಾಕಿ ಗಟ್ಟಿ ಮಾಡಬೇಕು ಎಂದಿದ್ದರು. ಹೋದ ನವೆಂಬರಿನಲ್ಲಿ ಜನ ಹಾಕಿದರು.

ಆ ದಿನ ಸಂಜೆ ಊಟಕ್ಕೆ ಕೂತಾಗ ಕ್ಲೀವನ್ ಅಲಸಂದೆ ಕಾಳಿನ ತಟ್ಟೆಯನ್ನು ಆಚೆ ತಳ್ಳಿದ.

"ಇಪ್ಪತ್ತೈದು ಅಂದ್ರಾ? ತಿಂಗಳೋ ವರ್ಷವೋ?"

"ವರ್ಷ ಅಪ್ಪ."

"ನಾನು ಆಗ ಇರ್ತೀನಾ?"

"ತೊಂಬತ್ತೈದು ಆಗಿರತ್ತೆ ತಾತ ನಿನಗೆ," ಟಮೀರಾ ಅಂದಳು.

"ಲೆಕ್ಕ ನಾನು ಕೇಳ್ಲಿಲ್ಲ."

"ಎಪ್ಪತ್ತೆಂಟರಲ್ಲಿ ಎರಡಕ್ಕೂ ಯಾಕೆ ಸಹಿ ಹಾಕಿಸ್ದೆ?" ವರ್ನೆಲ್ ಗಂಡನ ಕಡೆ ತಿರುಗಿದಳು. "ಅವನು ಬೇಡ ಅಂತ ಅತ್ತ. ಎರಡನೇ ಮನೆ ಒಳಗೆ ನಾನು ಕಾಲೇ ಇಟ್ಟಿಲ್ಲ, ಗೆಳೆಯರು ಹೋದ್ರು, ನಾನು ಹೊರಗೆ ನಿಂತಿದ್ದೆ ಅಂದ."

"ವಕೀಲ ಹೇಳ್ದ! ಎರಡಕ್ಕೂ ಹಾಕಿದ್ರೆ ಒಂದೇ ವರ್ಷ, ಹಾಕ್ದೇ ಇದ್ರೆ ಐದು ಅಂದ. ನೀನೂ ಅಲ್ಲೇ ಕೂತಿದ್ದೆ ವರ್ನೆಲ್. ಆಗ ಬಾಯಿ ಎಲ್ಲಿತ್ತು?"

"ನಿನ್ನ ಬಾಯಿ ಮುಂದೆ ನನ್ನ ಬಾಯಿ ಯಾವತ್ತು ನಡೆದಿದೆ?"

ಟಮೀರಾ ಚಮಚ ಕೆಳಗಿಟ್ಟಳು. "ನನಗೊಂದು ಹೇಳಿ. ನವೆಂಬರಲ್ಲಿ ಇದಕ್ಕೆ ಯಾರ್ಯಾರು ಹೌದು ಅಂತ ಹಾಕಿದ್ರಿ?"

ಕ್ಲೀವನ್ ಉಪ್ಪಿನ ಡಬ್ಬಿ ಎತ್ತಿ ಮತ್ತೆ ಅಲ್ಲೇ ಇಟ್ಟ.

"ಅತ್ತೆ ಹಾಕಿದ್ದು ಗೊತ್ತು. ಬೇರೆ?"

"ಮೂರು ಸಲ ಚೆಂಡು ತಪ್ಪಿದ್ರೆ ಔಟು," ಕ್ಲೀವನ್ ಗೊಣಗಿದ. "ನ್ಯಾಯ ಅನ್ನಿಸ್ತು. ಹಾಕ್ದೆ."

"ಬೇಸ್‌ಬಾಲಲ್ಲಿ ಔಟಾದೋನು ಮುಂದಿನ ಇನ್ನಿಂಗ್ಸಲ್ಲಿ ಮತ್ತೆ ಬರ್ತಾನೆ ತಾತ. ಅಜ್ಜಿ, ನೀನು?"

"ರೊಜೆಟಾ ಗುರುತು ಮಾಡಿಕೊಟ್ಟ ಕಾಗದ ನೋಡ್ಕೊಂಡು ಹಾಕ್ದೆ," ಅಂದಳು ವರ್ನೆಲ್. "ನನ್ನ ಮಗಳ ದವಡೆ ಮುರಿದಿದ್ರು."

"ಚೆನ್ನಾಗಿದೆ. ನಮ್ಮಪ್ಪ ಒಂದು ಡ್ರಿಲ್ಲು ಕದ್ದ. ನೀವೆಲ್ಲ ಸೇರಿ ನಮ್ಮಪ್ಪನ್ನೇ ಕದ್ರಿ."

"ಬಾಯ್ಮುಚ್ಚು!" ರೊಜೆಟಾ ಎದ್ದಳು. "ಕ್ಲಾರಿನೆಟ್ಟು ಹೋದಾಗ ಅವನು ಸತ್ತರೂ ಅಳಲ್ಲ ಅಂದೋಳು ನೀನೇ."

"ಅಂದೆ! ಈಗಲೂ ಸಿಟ್ಟಿದೆ. ಸಿಟ್ಟು ನನ್ನದು. ಅದಕ್ಕೆ ಜೀವಾವಧಿ ಕೊಡಿ ಅಂತ ನಾನು ಯಾರನ್ನೂ ಕೇಳ್ಲಿಲ್ಲ."

ಮರುದಿನವೇ ರೊಜೆಟಾ ಕಚೇರಿಗೆ ರಜೆ ಹಾಕಿ ವಿಟ್‌ಕಾಂಬ್‌ನ ಆಫೀಸಿಗೆ ಹೋದಳು. ಅವನು ರಾಜಧಾನಿಯಲ್ಲಿದ್ದ. ಪ್ರೆಸ್ಟನ್ ಎನ್ನುವ ಅವನ ಸಹಾಯಕ, ಇಪ್ಪತ್ತೆಂಟರ ತರುಣ, ಅವಳನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದ.

"ಮಿಸ್ ಪೆಟಿಗ್ರೂ! ನಾವೇ ಫೋನ್ ಮಾಡೋಣ ಅಂತಿದ್ವಿ. ಮುಂದಿನ ವಾರಕ್ಕೆ ಕಾನೂನು ಶಾಸನಸಭೆಯಲ್ಲಿ ಪಾಸಾಗಿ ಒಂದು ವರ್ಷ. ದೊಡ್ಡ ಸಭೆ ಇಟ್ಕೊಂಡಿದೀವಿ. ನೀವು ವೇದಿಕೆ ಮೇಲೆ ಇರಲೇಬೇಕು."

ಅವಳು ತಮ್ಮನ ವಿಷಯ ಹೇಳಿದಳು. ಪ್ರೆಸ್ಟನ್ ತಲೆಯಾಡಿಸುತ್ತ ಕೇಳಿದ. ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ನಿಜ ಹೇಳಬೇಕು ಅಂದ್ರೆ ಇದು ನಿಮ್ಮ ತಮ್ಮನಂಥವರಿಗೆ ಮಾಡಿದ ಕಾನೂನಲ್ಲ."

"ಹಾಗಾದ್ರೆ ಅಂಥವರಿಗೆ ಇದು ಅಲ್ಲ ಅಂತ ಸಾಹೇಬರಿಂದ ಹೇಳಿಸಿ."

"ಸಾಹೇಬರು ಹಾಗೆ ಬಹಿರಂಗವಾಗಿ ಹೇಳಕ್ಕಾಗಲ್ಲ. ಮುಂದಿನ ವರ್ಷ ಚುನಾವಣೆ. ಕಳ್ಳರ ಪರ ಅಂತ ಒಂದು ಜಾಹೀರಾತು ಬಂದ್ರೆ ಮುಗೀತು. ಪ್ರಾಸಿಕ್ಯೂಟರ್‌ಗೂ ಚುನಾವಣೆ ಇದೆ, ಜಡ್ಜಿಗೂ ಇದೆ. ಎಲ್ಲರ ಕಷ್ಟ ನೀವು ಅರ್ಥ ಮಾಡ್ಕೋಬೇಕು."

"ಇಪ್ಪತ್ತೈದು ವರ್ಷ ಅವನು ಒಳಗಿರ್ಬೇಕು, ಕಷ್ಟ ನಿಮಗೆ?"

ಪ್ರೆಸ್ಟನ್ ದನಿ ತಗ್ಗಿಸಿದ. "ನೋಡಿ, ಸಾಹೇಬರೂ ಪ್ರಾಸಿಕ್ಯೂಟರೂ ಹಳೇ ಗೆಳೆಯರು. ಒಂದು ಫೋನ್. ನಾನು ಮಾತು ಕೊಡ್ತಿಲ್ಲ. ಆದ್ರೆ ತಮ್ಮ ಜೊತೆ ನಿಂತವರನ್ನ ಸಾಹೇಬರು ಮರೆಯೋದಿಲ್ಲ. ಸಭೆಗೆ ಬನ್ನಿ. ಎರಡು ನಿಮಿಷದ ಮಾತು. ಬರ್ದು ನಾವೇ ಕೊಡ್ತೀವಿ."

ರೊಜೆಟಾ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸಭೆಯ ದಿನ ಹೊಸ ನೀಲಿ ಕೋಟು ತೊಟ್ಟು ಹೋದಳು.

ಸಂಜೆ ಆರರ ಸುದ್ದಿ ಹಾಕಿದವಳು ಟಮೀರಾ. ವರ್ನೆಲ್ ಒಲೆಯ ಮುಂದಿದ್ದಳು. "ಅಜ್ಜಿ, ಬಾ ಇಲ್ಲಿ. ಬೇಗ ಬಾ." ಪರದೆಯ ಮೇಲೆ ವಿಟ್‌ಕಾಂಬ್‌ನ ಪಕ್ಕ ರೊಜೆಟಾ ನಿಂತಿದ್ದಳು, ಕೈಯಲ್ಲಿ ಕಾಗದ. "ಈ ಕಾನೂನಿನಿಂದ ಇವತ್ತು ನಾನು ನಿರ್ಭಯವಾಗಿ ಬಸ್ ಸ್ಟಾಪಿನಲ್ಲಿ ನಿಲ್ಲಬಲ್ಲೆ," ಎಂದು ಓದುತ್ತಿದ್ದಳು. ವಿಟ್‌ಕಾಂಬ್ ಅವಳ ಭುಜ ತಟ್ಟಿದ. ಆಮೇಲೆ ಹವಾಮಾನ ಬಂತು.

ರೊಜೆಟಾ ಒಳಗೆ ಬಂದಾಗ ಕ್ಲೀವನ್ ಬಾಗಿಲಲ್ಲೇ ನಿಂತಿದ್ದ.

"ಎಷ್ಟು ಕೊಟ್ರು?"

"ಏನು ಮಾತು ಅಪ್ಪ ಇದು?"

"ತಮ್ಮನ್ನ ಮಾರಿದ್ದಕ್ಕೆ ಎಷ್ಟು ಕೊಟ್ರು ಅಂತ ಕೇಳ್ದೆ."

"ಫೋನ್ ಮಾಡ್ತೀನಿ ಅಂದ್ರು! ಪ್ರಾಸಿಕ್ಯೂಟರ್‌ಗೆ ಒಂದು ಮಾತು ಹೇಳ್ತಾರೆ. ಅದಕ್ಕೇ ಹೋದೆ. ನೀನೇನ್ ಮಾಡ್ದೆ? ಜೈಲಿಂದ ಫೋನ್ ಬಂದ್ರೆ ಎತ್ತೋದಿಲ್ಲ. ಒಂದು ಸಲ ಹೋಗಿ ಮುಖ ನೋಡ್ಲಿಲ್ಲ. ನಾನಾದ್ರೂ ಏನೋ ಮಾಡ್ದೆ."

"ಬರ್ದು ಕೊಟ್ರಾ?" ವರ್ನೆಲ್ ಕೇಳಿದಳು. "ಫೋನ್ ಮಾಡ್ತೀವಿ ಅಂತ?"

"ಅಮ್ಮ, ಇಂಥದ್ದನ್ನೆಲ್ಲ ಯಾರೂ ಬರ್ದು ಕೊಡಲ್ಲ."

"ನಿನ್ನ ಮಾತನ್ನ ಮಾತ್ರ ಬರ್ದು ಕೊಟ್ರು."

ರೊಜೆಟಾ ಅವತ್ತು ಊಟ ಮಾಡಲಿಲ್ಲ. ಮುಂದಿನ ಎರಡು ವಾರ ವಿಟ್‌ಕಾಂಬ್‌ನ ಆಫೀಸಿಗೆ ಹನ್ನೊಂದು ಸಲ ಫೋನ್ ಮಾಡಿದಳು. ಪ್ರೆಸ್ಟನ್ ಮೀಟಿಂಗಿನಲ್ಲಿದ್ದ, ಊಟಕ್ಕೆ ಹೋಗಿದ್ದ, ಪ್ರಯಾಣದಲ್ಲಿದ್ದ. ಕೊನೆಗೆ ಒಂದು ಪತ್ರ ಬಂತು. ನ್ಯಾಯಾಲಯದಲ್ಲಿರುವ ವಿಷಯಗಳಲ್ಲಿ ಶಾಸಕರು ಕೈ ಹಾಕುವಂತಿಲ್ಲ, ತಮ್ಮ ಬೆಂಬಲಕ್ಕೆ ಕೃತಜ್ಞತೆಗಳು ಎಂದಿತ್ತು. ಅವಳ ಹೆಸರನ್ನು ರೋಸ್‌ಮೇರಿ ಎಂದು ಬರೆದಿದ್ದರು.

ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಜೈಲಿಗೆ ಹೋದಳು. ಗಾಜಿನ ಆಚೆ ಲಾನಿ ಕೂತಿದ್ದ. ಒಂದು ತಿಂಗಳು ಕ್ರ್ಯಾಕ್ ಇಲ್ಲದೆ ಅವನ ಕೆನ್ನೆ ತುಂಬಿಕೊಂಡಿತ್ತು. ಫೋನ್ ಎತ್ತಿದವನೇ ನಕ್ಕ.

"ಟೀವೀಲಿ ಚೆನ್ನಾಗಿ ಕಾಣಿಸ್ದೆ ಅಕ್ಕ. ಕೋಟು ಹೊಸದಾ?"

ಅವಳು ಅಳುತ್ತ ಪತ್ರವನ್ನು ತೆಗೆದು ಗಾಜಿಗೆ ಹಿಡಿದಳು. ಒಂದೊಂದಾಗಿ ಎಲ್ಲ ಹೇಳಿದಳು: ಸಹಿ, ಪ್ರೆಸ್ಟನ್ನು, ಫೋನಿನ ಆಸೆ, ರೋಸ್‌ಮೇರಿ.

"ಇಷ್ಟಕ್ಕೆ ಅಳ್ತೀಯಾ? ನಾನೂ ಹೌದು ಅಂತಲೇ ಹಾಕ್ದೆ."

"ಏನು?"

"ಓಟು. ಪೆರೋಲೆಲ್ಲ ಮುಗಿದು ಹದಿನೈದು ವರ್ಷ ಆಗಿತ್ತಲ್ಲ, ನನಗೂ ಓಟಿತ್ತು. ನಿನ್ನ ಹಲ್ಲಿಗೆ ತಂತಿ ಬಿಗಿದಿದ್ದಾಗ ಸೂಪು ಕುಡಿಸ್ತಿದ್ದೋನು ನಾನೇ ತಾನೆ? ಆ ನನ್ಮಗನ್ನ ನೆನೆಸ್ಕೊಂಡು ಹಾಕ್ದೆ. ನನ್ನ ನೆನಪೇ ಬರ್ಲಿಲ್ಲ. ಕಳ್ಳ ಅಂದ್ರೆ ನಾನು ಅಂತ ಆಗ ನನಗೆ ಅನ್ನಿಸ್ತಾನೇ ಇರ್ಲಿಲ್ಲ. ಕೆಲಸ ಇತ್ತು."

ಹೇಳುತ್ತ ಹೇಳುತ್ತ ಅವನ ನಗು ಹೋಯಿತು. "ಡ್ರಿಲ್ಲು ಅಕ್ಕ. ಹೊರಗೆ ತಗೊಂಡು ಹೋಗಿ ಇಪ್ಪತ್ತು ಡಾಲರಿಗೆ ಮಾರ್ತಿದ್ದೆ. ಹೌದು, ಸೇದ್ತಿದ್ದೆ. ತಪ್ಪು. ಒಂದು ವರ್ಷ ಹಾಕ್ಲಿ, ಎರಡು ಹಾಕ್ಲಿ. ನಮ್ಮ ಸಾಲಲ್ಲೇ ಹೆಂಡತಿನ ಬಡಿದು ಕೊಂದೋನಿದಾನೆ. ಅವನಿಗೆ ಹನ್ನೊಂದು ವರ್ಷ. ಮೊದಲನೇ ತಪ್ಪಂತೆ. ಕೇಳಿಸ್ತಾ? ಹನ್ನೊಂದು!" ಅವನು ಕಟ್ಟೆಯನ್ನು ಗುದ್ದಿದ. ಕಾವಲಿನವನು ಬಂದು ಫೋನ್ ಕಿತ್ತಿಟ್ಟು ಅವನನ್ನು ಎಬ್ಬಿಸಿಕೊಂಡು ಹೋದ.

ಜೂನಿನಲ್ಲಿ ವಿಚಾರಣೆ ಎರಡು ದಿನ ನಡೆಯಿತು. ಅಂಗಡಿಯ ಮ್ಯಾನೇಜರ್ ಬಂದು ಡ್ರಿಲ್ಲು ಆಗಲೇ ಬೇರೆ ಗಿರಾಕಿಗೆ ಮಾರಾಟವಾಯಿತು ಎಂದ. ಕದ್ದದ್ದು ಹೌದೋ ಅಲ್ಲವೋ ಎನ್ನುವುದಷ್ಟೇ ಹನ್ನೆರಡು ಜನ ಜೂರಿಗಳ ಮುಂದಿದ್ದ ಪ್ರಶ್ನೆ. ಶಿಕ್ಷೆ ಎಷ್ಟೆಂದು ಅವರಿಗೆ ಹೇಳುವಂತಿರಲಿಲ್ಲ. ಅರ್ಧ ಗಂಟೆಯಲ್ಲಿ ಹೌದು ಎಂದು ಬಂದರು. ಹೊರಗೆ ಕಾರಿಡಾರಿನಲ್ಲಿ ಜೂರಿಯಲ್ಲಿದ್ದ ಒಬ್ಬ ಹೆಂಗಸು ವರ್ನೆಲ್‌ಳ ಪಕ್ಕ ಕೂತು, "ಬೇಗ ಮನೆಗೆ ಬರ್ತಾರೆ ಬಿಡಿ, ಚಿಕ್ಕ ಕೇಸು," ಎಂದಳು. ವರ್ನೆಲ್ ಶಿಕ್ಷೆ ಎಷ್ಟೆಂದು ಹೇಳಿದಳು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, "ನಮಗ್ಯಾರೂ ಹೇಳ್ಲಿಲ್ಲ, ದೇವರಾಣೆ, ನಮಗ್ಯಾರೂ ಹೇಳ್ಲಿಲ್ಲ," ಎನ್ನುತ್ತ ಲಿಫ್ಟಿನ ಕಡೆ ಓಡಿದಳು.

ಶಿಕ್ಷೆಯ ದಿನ ಕ್ಲೀವನ್ ಮೊದಲ ಬಾರಿಗೆ ಕೋರ್ಟಿಗೆ ಬಂದ. ಸೂಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತ. ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಸರಪಳಿ ಎಳೆದುಕೊಂಡು ಬಂದ ಮಗನನ್ನು ಕಂಡು ಎದ್ದು ನಿಂತ, ಮತ್ತೆ ಕೂತ. ಲಾನಿ ಅಪ್ಪನನ್ನು ನೋಡಿ ತಲೆ ಬಾಗಿಸಿದ.

ಜಡ್ಜಿ ಬೇಸರದ ದನಿಯಲ್ಲಿ ಓದಿದ. ಈ ಶಿಕ್ಷೆ ತನಗೆ ವೈಯಕ್ತಿಕವಾಗಿ ಹೆಚ್ಚೆನಿಸುತ್ತದೆ, ಆದರೆ ಕಾನೂನು ತನ್ನ ಕೈ ಕಟ್ಟಿಹಾಕಿದೆ ಎಂದ. ಜೀವಾವಧಿ. ಕನಿಷ್ಠ ಇಪ್ಪತ್ತೈದು ವರ್ಷ.

"ಕಟ್ಟಿದ್ದು ಯಾರು ಸ್ವಾಮಿ?"

ಎಲ್ಲರೂ ತಿರುಗಿದರು. ಕ್ಲೀವನ್ ನಿಂತಿದ್ದ.

"ಕೂತ್ಕೊಳ್ಳಿ."

"ನಲವತ್ತು ವರ್ಷ ಡಬ್ಬಿ ತುಂಬೋ ಫ್ಯಾಕ್ಟರೀಲಿ ಟೊಮೇಟೊ ಡಬ್ಬಿ ಹೊತ್ತೋನು ನಾನು. ಓದು ಕಮ್ಮಿ. ಅದಕ್ಕೇ ಕೇಳ್ತಿದೀನಿ. ಕಟ್ಟಿದ್ದು ಯಾರು?"

ಇಬ್ಬರು ಪೇದೆಗಳು ಅವನನ್ನು ತೋಳು ಹಿಡಿದು ಹೊರಗೆ ತಂದರು. ಕಾರಿನಲ್ಲಿ ಅವನು ಸ್ಟಿಯರಿಂಗ್ ಹಿಡಿದ, ಕೀಲಿ ತಿರುಗಿಸಲಿಲ್ಲ. ಪಕ್ಕದಲ್ಲಿ ವರ್ನೆಲ್, ಹಿಂದಿನ ಸೀಟಿನಲ್ಲಿ ರೊಜೆಟಾ, ಟಮೀರಾ. "ನಾವೇ," ಅಂದ ಕೊನೆಗೆ. "ನನ್ನ ಪ್ರಶ್ನೆಗೆ ನಾನೇ ಉತ್ತರ ಕೊಡಬಹುದಿತ್ತು. ನಾನೇ ಕಟ್ಟಿದ್ದು."

ಲಾನಿಯನ್ನು ಒರೆಗಾನ್ ಗಡಿಯ ಹತ್ತಿರದ ಜೈಲಿಗೆ ಹಾಕಿದರು. ಕಾರಿನಲ್ಲಿ ಎಂಟು ಗಂಟೆಯ ದಾರಿ. ಟಮೀರಾ ಮೊದಮೊದಲು ಪತ್ರ ಬರೆಯಲಿಲ್ಲ. ಆಮೇಲೆ ವಾರಕ್ಕೊಂದು ಬರೆದಳು. ರೊಜೆಟಾ ಕಾನೂನನ್ನು ಲೈಬ್ರರಿಯಿಂದ ತಂದು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು. ಮರುವರ್ಷದ ಬೇಸಿಗೆಯಲ್ಲಿ ರಾಜ್ಯದ ದೊಡ್ಡ ಕೋರ್ಟು, ಹಳೆಯ ತಪ್ಪುಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವ ಅಧಿಕಾರ ಜಡ್ಜಿಗಳಿಗೆ ಇದೆ ಎಂದು ತೀರ್ಪು ಕೊಟ್ಟಿತು. ಮಿಸ್ ಬ್ರಾಂಟ್ ತಾನೇ ಮನೆಗೆ ಫೋನ್ ಮಾಡಿದಳು. ಮನೆಯವರೆಲ್ಲ ಮತ್ತೆ ಅದೇ ಜಡ್ಜಿಯ ಮುಂದೆ ಹೋಗಿ ಕೂತರು. ಅವನ ಕೈ ಈಗ ಬಿಚ್ಚಿತ್ತು. ನಾಲ್ಕೇ ನಿಮಿಷದಲ್ಲಿ ಅರ್ಜಿ ತಳ್ಳಿಹಾಕಿದ. ಸಮಾಜದ ಹಿತ ಎಂದ. ಆ ವರ್ಷ ಅವನಿಗೂ ಚುನಾವಣೆ ಇತ್ತು.

ವರ್ನೆಲ್ ಅವತ್ತು ಮನೆಗೆ ಬಂದು ಅಡುಗೆ ಮಾಡಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಒಲೆ ಹಚ್ಚದೆ ಮಲಗಿದಳು. ಕ್ಲೀವನ್ ಮೊಟ್ಟೆ ಸುಟ್ಟು ಕರಕು ಮಾಡಿ ತಂದುಕೊಟ್ಟ. ಅದನ್ನೇ ತಿಂದಳು.

ಅಕ್ಟೋಬರಿನ ಮೂರನೆಯ ಭಾನುವಾರ ವಿಟ್‌ಕಾಂಬ್ ಅವರ ಚರ್ಚಿಗೆ ಬಂದ. ವರ್ನೆಲ್ ಅಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಕರೆದುಕೊಂಡು ಹೋಗಿ ಕೂರಿಸುವವಳು. ಬಿಳಿ ಉಡುಪು, ಬಿಳಿ ಕೈಗವಸು. ಆ ಕೆಲಸಕ್ಕೆ ಸೇರಿ ಮೂವತ್ತೈದು ವರ್ಷವಾಗಿತ್ತು. ಶಾಸಕರು ಬರುವ ಸುದ್ದಿಯನ್ನು ಪಾಸ್ಟರ್ ಲ್ಯಾಂಕ್‌ಫರ್ಡ್ ಅವಳಿಗೆ ಮೊದಲೇ ಹೇಳಿರಲಿಲ್ಲ. ಹಾಡು ಶುರುವಾದ ಮೇಲೆ ಕಪ್ಪು ಕಾರು ಬಂದು ನಿಂತಿತು. ಪ್ರೆಸ್ಟನ್ ಮುಂದೆ, ವಿಟ್‌ಕಾಂಬ್ ಹಿಂದೆ, ಮೆಟ್ಟಿಲು ಹತ್ತಿ ಬಂದರು.

"ನಮಸ್ಕಾರ ತಾಯಿ," ವಿಟ್‌ಕಾಂಬ್ ಕೈ ಚಾಚಿದ. "ಸುಂದರವಾದ ಬೆಳಿಗ್ಗೆ."

ವರ್ನೆಲ್ ಬಾಗಿಲಿಗೆ ಅಡ್ಡವಾಗಿ ನಿಂತಳು. "ಜಾಗ ಇಲ್ಲ."

ಪ್ರೆಸ್ಟನ್ ಅವಳ ಭುಜದ ಮೇಲಿಂದ ಇಣುಕಿದ. ಹಿಂದಿನ ಐದು ಸಾಲು ಖಾಲಿ ಇದ್ದವು. "ಅಲ್ಲಿದೆಯಲ್ಲ ತಾಯಿ."

"ಅದು ಬರಬೇಕಾದವರಿಗೆ ಇಟ್ಟಿರೋದು. ಅವರನ್ನ ನೀವು ಒಳಗೆ ಹಾಕಿದೀರಿ."

ವಿಟ್‌ಕಾಂಬ್‌ಗೆ ಅವಳು ಯಾರೆಂದು ತಿಳಿಯಲಿಲ್ಲ. ನಗು ಬಿಡದೆ ಪ್ರೆಸ್ಟನ್ನನ ಮುಖ ನೋಡಿದ. ಅಷ್ಟರಲ್ಲಿ ಪಾಸ್ಟರ್ ವೇದಿಕೆ ಇಳಿದು ಧಾವಿಸಿ ಬಂದ.

"ಸಿಸ್ಟರ್ ವರ್ನೆಲ್, ದಾರಿ ಬಿಡಿ."

"ಬಿಡಲ್ಲ ಪಾಸ್ಟರ್."

"ಅತಿಥಿ ಅವರು. ಇದು ದೇವರ ಮನೆ."

"ದೇವರ ಮನೆ ಅಂತಲೇ ನಿಂತಿದೀನಿ. ಇವರ ಮಾತು ಕೇಳಿ ಓಟು ಹಾಕಿ ನನ್ನ ಮಗನ್ನ ನಾನೇ ಒಳಗೆ ಹಾಕ್ದೆ. ಇವರಿಗೆ ಮಾತು ಬೇಕಾದಾಗ ನನ್ನ ಮಗಳು ಬೇಕಾಗಿದ್ಲು. ನಮಗೆ ಒಂದು ಫೋನ್ ಬೇಕಾದಾಗ ಅವಳ ಹೆಸರೂ ಇವರಿಗೆ ಗೊತ್ತಾಗ್ಲಿಲ್ಲ. ಇವತ್ತು ಬಾಗಿಲನ್ನಾದ್ರೂ ಸರಿಯಾಗಿ ಕಾಯ್ತೀನಿ. ಬೇಕಾದ್ರೆ ಪೊಲೀಸ್ ಕರೀರಿ. ನನ್ನದು ಮೊದಲನೇ ತಪ್ಪು."

ಹಾಡು ನಿಂತಿತ್ತು. ಎಲ್ಲರೂ ಹಿಂತಿರುಗಿ ನೋಡುತ್ತಿದ್ದರು. ಪಾಸ್ಟರ್ ವಿಟ್‌ಕಾಂಬ್‌ನ ಮೊಣಕೈ ಹಿಡಿದು ಕಟ್ಟಡ ಬಳಸಿ ಪಕ್ಕದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ. ಮೊದಲ ಸಾಲಿನಲ್ಲಿ ಕೂರಿಸಿದ. ಚಪ್ಪಾಳೆಯೂ ಆಯಿತು.

ಕ್ಲೀವನ್ ಎದ್ದು ಹೊರಗೆ ಬಂದು ಹೆಂಡತಿಯ ಪಕ್ಕ ನಿಂತ. ರೊಜೆಟಾ ಗಾಯಕರ ಸಾಲಿನಿಂದ ನಿಲುವಂಗಿಯಲ್ಲೇ ಇಳಿದು ಬಂದಳು, ಟಮೀರಾ ಅವಳ ಹಿಂದೆ. ಒಳಗೆ ವಿಟ್‌ಕಾಂಬ್‌ನ ಭಾಷಣ ಶುರುವಾಗಿತ್ತು. ಬಿಸಿಲಲ್ಲಿ ನಾಲ್ವರೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಓಜೆಲ್ಲಾ ಎನ್ನುವ ಎಂಬತ್ತರ ಮುದುಕಿ ಕೋಲೂರಿಕೊಂಡು ಬಂದಳು.

"ನನ್ನ ಮೊಮ್ಮಗ," ಅಂದಳು. "ನೇವಿಗೆ ಸೇರಿದಾನೆ ಅಂತ ಎಲ್ಲರಿಗೂ ಹೇಳಿದ್ನಲ್ಲ? ಸುಳ್ಳು. ಯಾರದೋ ಕಾರಿನ ರೇಡಿಯೋ ಕಿತ್ತ. ಇಪ್ಪತ್ತೈದು."

ಅವಳ ಹಿಂದೆ ಕ್ಷೌರದಂಗಡಿಯ ಯಜಮಾನ ಬಂದ. ಅವನ ಅಣ್ಣ, ಜೇಬಿನಲ್ಲಿ ಒಂದು ಚಿಟಿಕೆ ಪುಡಿ, ಇಪ್ಪತ್ತೈದು. ಆಮೇಲೆ ಒಬ್ಬಳು ನರ್ಸು, ಆಮೇಲೆ ಗಂಡ ಹೆಂಡತಿ. ಹತ್ತು ವರ್ಷದಿಂದ ಅಕ್ಕಪಕ್ಕ ಕೂತು ಹಾಡಿದವರು, ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ನೂರ ಎಪ್ಪತ್ತು ಜನರಲ್ಲಿ ಹೊರಬಂದವರು ಈ ಐವರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ರೊಜೆಟಾ ಕೇಳಿದಳು.

"ನಿನಗೆ ಹೇಗೆ ಹೇಳೋದು?" ಅಂದಳು ಓಜೆಲ್ಲಾ. "ಸಹಿ ಹಾಕಿಸ್ಕೊಂಡೋಳೇ ನೀನು."

ರೊಜೆಟಾ ತಲೆ ತಗ್ಗಿಸಲಿಲ್ಲ. "ಹೌದು, ನಾನೇ. ಈಗ ಹೇಳಿ. ಹುಡುಗನ ಪೂರ್ತಿ ಹೆಸರು, ಕೇಸಿನ ನಂಬರು. ಮಂಗಳವಾರ ಸಂಜೆ ನಮ್ಮನೆಗೆ ಬನ್ನಿ."

ನವೆಂಬರಿನಲ್ಲಿ ವಿಟ್‌ಕಾಂಬ್ ಗೆದ್ದ, ಮೊದಲಿಗಿಂತ ಹೆಚ್ಚು ಓಟಿನಿಂದ. ಜಡ್ಜಿಯೂ ಗೆದ್ದ. ಪಾಸ್ಟರ್ ವರ್ನೆಲ್‌ಗೆ ಇನ್ನು ಬಾಗಿಲ ಕೆಲಸ ಬೇಡವೆಂದು ಹೇಳಿ ಕಳಿಸಿದ. ಮೊದಲ ಮಂಗಳವಾರ ಅವಳ ಮನೆಗೆ ಐದು ಜನ ಬಂದರು. ರೊಜೆಟಾ ಒಂದೊಂದೇ ಕೇಸನ್ನು ಬರೆದುಕೊಂಡಳು, ಕಾನೂನು ಬದಲಿಸಿ ಎಂದು ಎಲ್ಲರೂ ಪತ್ರ ಬರೆಯತೊಡಗಿದರು. ಕ್ರಿಸ್‌ಮಸ್ ಹೊತ್ತಿಗೆ ಹದಿನಾಲ್ಕು. ಫೆಬ್ರವರಿಯಲ್ಲಿ ಕುರ್ಚಿ ಸಾಲದೆ ಗಂಡಸರು ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತು ಉಂಡರು. ಬಂದವರು ವರ್ನೆಲ್‌ಳನ್ನು ಹೊಗಳುತ್ತಿದ್ದರು, ಎಷ್ಟು ಜನ ಸೇರಿಸಿದಿರಿ ಎಂದು. ಅವಳಿಗೆ ಆ ಹೊ‍ಗಳಿಕೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಖುಷಿ ಪಡೋಕೆ ಏನಿದೆ ಇದ್ರಲ್ಲಿ?" ಎಂದು ಸೌಟನ್ನು ಪಾತ್ರೆಗೆ ಬಡಿದಳು. "ಪ್ರತಿ ವಾರ ಒಂದು ತಟ್ಟೆ ಜಾಸ್ತಿ ಇಡ್ತಿದೀನಿ. ಅಂದ್ರೆ ಪ್ರತಿ ವಾರ ಇನ್ನೊಬ್ಬರ ಮಗ ಒಳಗೆ ಹೋದ. ತಿನ್ನಿ. ತಿಂದು ಕೆಲಸ ಶುರು ಮಾಡಿ."